‘ಉಕ್ಕಿನ ಕಟ್ಟಡ’ ಎಂದರೆ ಸಾಕೇ? ದೊಡ್ಡ ಮಳಿಗೆಗಳ ಕಟ್ಟಡಕ್ಕೊಂದು ಹೆಸರು

ಎಲ್ಲರಿಗೂ ನಮಸ್ಕಾರ.

ದೊಡ್ಡ ಚಿಲ್ಲರೆ ಮಾರಾಟ ಮಳಿಗೆಯೊಂದರ ನಿರ್ವಹಣೆಯ ಕೈಪಿಡಿಯನ್ನು ಅಲ್ಲಿನ ಕೆಲಸಗಾರರಿಗಾಗಿ ಕನ್ನಡಕ್ಕೆ ತರುತ್ತಿದ್ದೇನೆ. ಮಳಿಗೆ ಇರುವುದು ಇಂಜಿನಿಯರುಗಳು ‘ಪಿಇಬಿ’ (ಪ್ರಿ-ಇಂಜಿನಿಯರ್ಡ್ ಬಿಲ್ಡಿಂಗ್) ಎಂದು ಕರೆಯುವ ಬಗೆಯ ಕಟ್ಟಡದಲ್ಲಿ. ಇದರ ಕಂಬ, ತೊಲೆಗಳನ್ನು ಕಾರ್ಖಾನೆಯಲ್ಲಿ ಉಕ್ಕಿನ ಪ್ಲೇಟುಗಳನ್ನು ಕತ್ತರಿಸಿ, ಬೆಸೆದು ಸಿದ್ಧಪಡಿಸುತ್ತಾರೆ. ಆಮೇಲೆ ಲಾರಿಯಲ್ಲಿ ತಂದು, ಜಾಗದಲ್ಲಿ ಬೋಲ್ಟು ಹಾಕಿ ಜೋಡಿಸುತ್ತಾರೆ. ಇದಕ್ಕೆ ನಾನು ಮೊದಲು ‘ಉಕ್ಕಿನ ಕಟ್ಟಡ’ ಎಂದೇ ಬರೆದಿದ್ದೆ.

ಕರಡನ್ನು ಕೆಲಸಗಾರರಿಗೆ ಓದಿ ಹೇಳಿದಾಗ, ನೆಲ ತೊಳೆಯುವ ಒಬ್ಬರು “ಸ್ಟೀಲು ಅಂದ್ಮೇಲೆ ತುಕ್ಕು ಹಿಡಿಯಲ್ಲ ಅಲ್ವಾ ಸಾರ್?” ಎಂದು ಕೇಳಿದರು. ಅವರು ನಿಂತಿದ್ದ ಕಂಬದ ಬುಡದಲ್ಲಿ ಸಾಮಾನಿನ ಗಾಡಿ ತಾಗಿ ತಾಗಿ ಅಂಗೈಯಗಲ ಬಣ್ಣ ಎದ್ದುಹೋಗಿತ್ತು. ತೊಳೆದ ನೀರು ಅಲ್ಲೇ ನಿಂತು, ಬೆರಳಿಟ್ಟರೆ ಕಂದು ಹುಡಿ ಮೆತ್ತಿಕೊಳ್ಳುತ್ತಿತ್ತು. ಅವರ ಮಾತಿನಲ್ಲಿ ತಪ್ಪಿಲ್ಲ. ನಮ್ಮ ಮನೆಗಳಲ್ಲಿ ಸ್ಟೀಲು ಎಂದರೆ ಪಾತ್ರೆಯ ಸ್ಟೀಲು. ಕನಿಷ್ಠ ಶೇ. 10.5ರಷ್ಟು ಕ್ರೋಮಿಯಂ ಇರುವುದರಿಂದ ಅದು ಸುಲಭವಾಗಿ ತುಕ್ಕು ಹಿಡಿಯುವುದಿಲ್ಲ. ಕಟ್ಟಡದ ಸಾಮಾನ್ಯ ಉಕ್ಕಿಗೆ ಆ ರಕ್ಷಣೆ ಇಲ್ಲ. ಅದಕ್ಕೆ ಬಣ್ಣವೇ ಕಾವಲು. ಹಾಗಾಗಿ ‘ಸ್ಟೀಲು’ ಎಂಬ ಪದವನ್ನು ನಾನು ಕೈಬಿಟ್ಟಿದ್ದೇನೆ.

‘ಕಬ್ಬಿಣ’ ಎನ್ನೋಣವೆಂದರೆ, ಮನೆ ಕಟ್ಟುವವರ ಮಾತಿನಲ್ಲಿ ಅದು ಕಾಂಕ್ರೀಟಿನೊಳಗಿನ ಕಂಬಿಗೆ ಸಲ್ಲುವ ಹೆಸರು, “ಎಷ್ಟು ಟನ್ ಕಬ್ಬಿಣ ಬೇಕಾಯಿತು?” ಎಂದರೆ ಕೇಳುವುದು ಅದನ್ನೇ. ‘ಉಕ್ಕು’ ನಮ್ಮ ಹಳೆಯ ಪದ. 18ನೆಯ ಶತಮಾನದ ಕೊನೆಯಲ್ಲಿ ಇಂಗ್ಲಿಷಿಗೆ ಹೋದ, ನಮ್ಮ ನಾಡಿನ ಹಳೆಯ ಬಗೆಯ ಉಕ್ಕನ್ನು ಹೆಸರಿಸುವ ‘ವೂಟ್ಜ್’ ಎಂಬ ಮಾತು ಇದರಿಂದಲೇ ಹುಟ್ಟಿತೆಂದು ಹಲವು ವಿದ್ವಾಂಸರು ಹೇಳುತ್ತಾರೆ. ಅದನ್ನು ಉಳಿಸಿಕೊಳ್ಳಬೇಕೆಂಬುದು ನನ್ನ ಆಸೆ. ಆದರೆ ಕಂಬಿ ಹಾಕಿದ ಕಾಂಕ್ರೀಟಿನ ಕಟ್ಟಡದಲ್ಲೂ ಉಕ್ಕಿರುವುದರಿಂದ ‘ಉಕ್ಕಿನ ಕಟ್ಟಡ’ ಎಂಬುದು ಎರಡನ್ನೂ ಬೇರ್ಪಡಿಸಿ ತೋರಿಸುವುದಿಲ್ಲ. ಇಲ್ಲಿ ಭಾರ ಹೊರುವುದು ಉಕ್ಕೇ ಎಂಬುದು ಹೆಸರಿನಲ್ಲಿ ಕಾಣಬೇಕು. ‘ಚೌಕಟ್ಟು’ ಎಂದರೆ ಬಾಗಿಲು, ಪಟಗಳು ಕಣ್ಣಿಗೆ ಕಟ್ಟುತ್ತವೆ. ‘ಎಲುಬಿನ ಹಂದರ’ ಎಂದು ಬಳಸುತ್ತೇವಲ್ಲ, ಆ ಅರ್ಥದಲ್ಲಿ ‘ಉಕ್ಕಿನ ಹಂದರದ ಕಟ್ಟಡ’ ಎಂಬುದು ನನಗೆ ಹೊಂದುವಂತೆ ತೋರುತ್ತದೆ.

‘ಪೂರ್ವನಿರ್ಮಿತ’ ಎಂಬುದನ್ನು ನಾನು ಒಪ್ಪಲಾರೆ, ಏಕೆಂದರೆ ಮುಂಚೆಯೇ ಸಿದ್ಧವಾಗುವುದು ಕಟ್ಟಡವಲ್ಲ, ಅದರ ಬಿಡಿಭಾಗಗಳು. ‘ಶೆಡ್ಡು’ ಎಲ್ಲರ ಬಾಯಲ್ಲಿದೆಯಾದರೂ ನಾಳೆ ಬಿಚ್ಚಿಡುವ ತಾತ್ಕಾಲಿಕ ಆಸರೆಯೆಂಬ ಅರ್ಥ ಅದಕ್ಕೆ ಅಂಟಿಕೊಂಡಿದೆ. ದಿನವಿಡೀ ನೂರಾರು ಜನ ಓಡಾಡುವ, ಗಾಳಿಯ ಒತ್ತಡವನ್ನು ಲೆಕ್ಕಹಾಕಿ ಕಟ್ಟಿದ ಜಾಗವನ್ನು ಹಾಗೆ ಕರೆದರೆ ಅದರ ಮೇಲಿನ ಎಚ್ಚರವೂ ಕಡಿಮೆಯಾಗುತ್ತದೆ.

ಬಿಡಿಭಾಗಗಳ ಹೆಸರಿನಲ್ಲಂತೂ ಸುರಕ್ಷತೆಯ ಪ್ರಶ್ನೆಯೇ ಇದೆ. ಇಳಿಜಾರಾಗಿ ಹೋಗುವ ದಪ್ಪ ತೊಲೆಗಳ ಮೇಲೆ ಅಡ್ಡಲಾಗಿ ಕೂತು, ಮೇಲಿನ ಶೀಟನ್ನು ಹೊರುವ ಭಾಗಕ್ಕೆ ಇಂಜಿನಿಯರುಗಳು ‘ಪರ್ಲಿನ್’ ಎನ್ನುತ್ತಾರೆ. ಇದು ಸಾಮಾನ್ಯವಾಗಿ ಎರಡು ಮಿಲಿಮೀಟರಿನ ಆಸುಪಾಸಿನ ದಪ್ಪದ ತಗಡನ್ನು ಮಡಿಸಿ ಮಾಡಿದ ಪಟ್ಟಿ. ನಾನು ಇದಕ್ಕೆ ‘ಅಡ್ಡತೊಲೆ’ ಎಂದು ಬರೆದಿದ್ದೆ. ಅದು ತಪ್ಪೆಂದು ಈಗ ಅನ್ನಿಸುತ್ತಿದೆ. ತೊಲೆ ಎಂದ ಕೂಡಲೇ ಕನ್ನಡದ ಮನಸ್ಸಿಗೆ ಬಲ ನೆನಪಾಗುತ್ತದೆ. ತೊಟ್ಟಿಲು ಕಟ್ಟುವುದು ತೊಲೆಗೆ, ಉಯ್ಯಾಲೆ ಹಾಕುವುದು ತೊಲೆಗೆ. ಹಬ್ಬದ ರಿಯಾಯಿತಿಯ ದಿನಗಳಲ್ಲಿ ಭಾರದ ಜಾಹೀರಾತು ಹಲಗೆಗಳನ್ನು ಮೇಲಿನಿಂದ ಇಳಿಬಿಡುವಾಗ ಹುಡುಗರು ಏಣಿ ಹತ್ತಿ ಈ ಪಟ್ಟಿಗೇ ಸರಪಣಿ ಬಿಗಿದದ್ದನ್ನು ನಾನು ಕಂಡಿದ್ದೇನೆ. ಹೆಂಚಿನ ಮನೆ ಬಲ್ಲವರಿಗೆ ಇದೇ ಕೆಲಸ ಮಾಡುವ ಇನ್ನೊಂದು ಭಾಗ ಗೊತ್ತು: ಪಕ್ಕಾಸಿನ (ಮಾಡಿನ ಇಳಿಜಾರು ಮರದ) ಮೇಲೆ ಅಡ್ಡಲಾಗಿ ಹೊಡೆದು, ಹೆಂಚು ಕೂರಿಸುವ ರೀಪು. ರೀಪಿಗೆ ಯಾರೂ ತೊಟ್ಟಿಲು ಕಟ್ಟುವುದಿಲ್ಲ. ‘ಉಕ್ಕಿನ ರೀಪು’ ಎಂದು ಬರೆದರೆ “ಇದಕ್ಕೆ ಭಾರ ತೂಗುಹಾಕಬಾರದು” ಎಂಬ ಎಚ್ಚರಿಕೆಯ ಅರ್ಧ ಕೆಲಸವನ್ನು ಪದವೇ ಮಾಡೀತು.

ಇಂಥ ಕಟ್ಟಡವನ್ನು ಮಳಿಗೆಯವರು ಮೆಚ್ಚುವ ಮುಖ್ಯ ಕಾರಣವಾದ, ನಡುವೆ ಕಂಬವೇ ಇಲ್ಲದ 25–30 ಮೀಟರಿನ ಹರವಿಗೆ ‘ನಡುಗಂಬವಿಲ್ಲದ ಅಗಲ’ ಎಂದೂ, ಸರಕಿಡಲು ಒಳಗೇ ಎತ್ತರಿಸಿದ ಅರೆಮಹಡಿಗೆ ‘ಅಟ್ಟ’ ಎಂದೂ ಬರೆದಿದ್ದೇನೆ. ಇವೆರಡರ ಬಗ್ಗೆ ನನಗೆ ಅನುಮಾನವಿಲ್ಲ.

ಬೆಂಕಿಯ ಅಧ್ಯಾಯದಲ್ಲಿ ‘ಉಕ್ಕು ಉರಿಯುವುದಿಲ್ಲ’ ಎಂಬ ವಾಕ್ಯವನ್ನು ‘ಉಕ್ಕು ಹೊತ್ತಿಕೊಳ್ಳುವುದಿಲ್ಲ, ಆದರೆ ಕಾದರೆ ಸೋಲುತ್ತದೆ’ ಎಂದು ತಿದ್ದಿದ್ದೇನೆ. ಸುಮಾರು 550 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಅದರ ಬಲ ಸುಮಾರು ಶೇ. 60ಕ್ಕೆ ಇಳಿಯುತ್ತದೆ. ಬಿಸಿ ತಾಗಿದಾಗ ಉಬ್ಬಿ ಉಕ್ಕನ್ನು ಕಾಯುವ ಲೇಪಕ್ಕೆ ‘ಉಬ್ಬುಬಣ್ಣ’ ಎಂದಿಟ್ಟಿದ್ದೇನೆ.

ಬಲ್ಲವರಲ್ಲಿ ನನ್ನ ಪ್ರಶ್ನೆ ಎರಡು. ಉತ್ತರ ಕರ್ನಾಟಕದಲ್ಲಿ ‘ಹಂದರ’ ಎಂದರೆ ಮೊದಲು ಮದುವೆಯ ಚಪ್ಪರವೇ ನೆನಪಾಗುವುದಾದರೆ, ‘ಉಕ್ಕಿನ ಹಂದರ’ ಎಂಬುದೂ ‘ಶೆಡ್ಡಿ’ನಂತೆ ತಾತ್ಕಾಲಿಕವೆಂಬ ಭಾವ ತಂದೀತೇ? ಎರಡನೆಯದಾಗಿ, ಹೆಂಚಿನ ಮನೆಗಳು ಅಪರೂಪವಾಗಿರುವ ಬಯಲುಸೀಮೆಯ ಊರುಗಳಲ್ಲಿ ‘ರೀಪು’ ಎಂಬ ಮಾತು ಇಂದಿನ ಇಪ್ಪತ್ತರ ಹರೆಯದವರಿಗೆ ತಿಳಿಯುತ್ತದೆಯೇ, ಅಥವಾ ಅದೇ ಭಾಗಕ್ಕೆ ನಿಮ್ಮ ಕಡೆ ಬಡಗಿಗಳು, ವೆಲ್ಡಿಂಗ್ ಕೆಲಸದವರು ಬೇರೆ ಹೆಸರು ಹೇಳುತ್ತಾರೆಯೇ?