ಸಿಂಗಾಪುರ ಕ್ರೂಸ್: ರೂಮ್ ನಂಬರ್ ಅವರೇ ಕೊಡುವ ಗ್ಯಾರಂಟಿ ಕ್ಯಾಬಿನ್ ತಗೋಬಹುದಾ?

ಮೈಸೂರು_ಪಾಕ:
ಸಿಂಗಾಪುರದಿಂದ ರಾಯಲ್ ಕೆರಿಬಿಯನ್‌ನ ಕ್ವಾಂಟಮ್ ಕ್ಲಾಸ್ ಹಡಗಿನಲ್ಲಿ 4 ರಾತ್ರಿಯ ಟ್ರಿಪ್ ನೋಡ್ತಿದ್ದೀವಿ. ನಾವಿಬ್ಬರು, 9 ವರ್ಷದ ಮಗಳು, ಅಪ್ಪ-ಅಮ್ಮ. ಎರಡು ಬಾಲ್ಕನಿ ರೂಮ್. ಅಪ್ಪನಿಗೆ ಮಂಡಿನೋವು. ಅಮ್ಮನಿಗೆ ಘಾಟಿಯಲ್ಲಿ ಬಸ್ ಹತ್ತಿದರೇ ವಾಂತಿ. ರೂಮ್ ಕಂಪನಿಯವರೇ ಕೊಡ್ತಾರೆ ಅಂದ್ರೆ ತಲೆಗೆ 45 ಡಾಲರ್ ಕಮ್ಮಿ. ಅಪ್‌ಗ್ರೇಡ್ ಸಿಕ್ಕರೂ ಸಿಗಬಹುದು ಅಂತಾರೆ ಏಜೆಂಟು. ತಗೋಬಹುದಾ?

ಡೆಕ್_ಪ್ಲಾನ್:
ಗ್ಯಾರಂಟಿ ಇರೋದು ರೂಮಿನ ದರ್ಜೆಗೆ ಮಾತ್ರ, ಜಾಗಕ್ಕಲ್ಲ. ನಿಮ್ಮ ಬುಕಿಂಗಿನಲ್ಲಿ ಎಕ್ಸ್‌ಬಿ ಅಂತ ಕೋಡ್ ಇದ್ದರೆ ಅದು ಬಾಲ್ಕನಿ ಗ್ಯಾರಂಟಿ. ಕಿಟಕಿ ರೂಮಾದರೆ ವೈಓ, ಒಳರೂಮಾದರೆ ಝಡ್‌ಐ. ಯಾವ ಡೆಕ್ (ಹಡಗಿನ ಅಂತಸ್ತು), ಮುಂದೋ ಹಿಂದೋ, ಪಕ್ಕದಲ್ಲಿ ಏನಿದೆ, ಇದೆಲ್ಲ ಅವರಿಷ್ಟ.

ಜನ ದುಡ್ಡು ಕೊಟ್ಟು ಮೊದಲು ಆರಿಸಿಕೊಳ್ಳೋದು ಹಡಗಿನ ನಡುಭಾಗದ, ಮೇಲೆ ಕೆಳಗೆ ಎರಡೂ ಕಡೆ ರೂಮುಗಳೇ ಇರುವ ಡೆಕ್ಕಿನ ಕ್ಯಾಬಿನ್. ಕೊನೆಗೆ ಉಳಿಯೋದು ಬೇರೆ ಥರದವು. ಕ್ವಾಂಟಮ್ ಕ್ಲಾಸಿನಲ್ಲಿ 14ನೇ ಡೆಕ್ಕಿನಲ್ಲಿ ಈಜುಕೊಳ, ವಿಂಡ್‌ಜ್ಯಾಮರ್ ಬಫೆ ಇವೆ. ಅದರ ಕೆಳಗೆ 13ರಲ್ಲಿ ಮಲಗಿದವರಿಗೆ ಬೆಳಗಿನ ಜಾವವೇ ಕುರ್ಚಿ ಎಳೆಯುವ ಸದ್ದು. ತೀರ ಮುಂದೆ, ಕೆಳಗಿನ ಡೆಕ್ಕಿನಲ್ಲಿ ಬಿದ್ದರೆ ಬಂದರಿಗೆ ಹಡಗು ಸೇರುವಾಗ ಥ್ರಸ್ಟರ್‌ನ (ಹಡಗನ್ನು ಪಕ್ಕಕ್ಕೆ ತಳ್ಳುವ ಯಂತ್ರ) ನಡುಕ, ಲಂಗರು ಬಿಡುವ ಕಡೆ ಸರಪಳಿಯ ಗಡಗಡ. ತೀರ ಹಿಂದೆ ಯಂತ್ರದ ಅದುರು.

ಇನ್ನೊಂದು, ಕನೆಕ್ಟಿಂಗ್ ರೂಮ್. ಎರಡು ರೂಮಿನ ನಡುವೆ ಬಾಗಿಲಿರುತ್ತೆ; ಬೀಗ ಹಾಕಿದ್ದರೂ ಗೋಡೆಯಷ್ಟು ಸದ್ದು ತಡೆಯಲ್ಲ, ಪಕ್ಕದವರ ಟಿವಿ, ಮಾತು ಎಲ್ಲ ಕೇಳಿಸುತ್ತೆ. ಇಂಥವನ್ನು ದೊಡ್ಡ ಕುಟುಂಬಗಳು ಬರಬಹುದು ಅಂತ ಕೊನೆತನಕ ಇಟ್ಟುಕೊಂಡು, ಬರದಿದ್ದರೆ ಗ್ಯಾರಂಟಿಯವರಿಗೆ ಹಂಚೋದುಂಟು. ಏಜೆಂಟರು ಇದನ್ನು ಹೇಳಲ್ಲ.

ಅಪ್‌ಗ್ರೇಡ್ ಮಾತನ್ನು ಲೆಕ್ಕದಿಂದಲೇ ಬಿಟ್ಟುಬಿಡಿ. ಸಿಕ್ಕರೂ ಎಷ್ಟೋ ಸಲ ಅದೇ ದರ್ಜೆಯೊಳಗೆ ಒಂದು ಮೆಟ್ಟಿಲು ಮೇಲೆ, ಅಷ್ಟೆ.

ಕಡಲಕರೆ_ಕುಡ್ಲ:
ಅಮ್ಮನ ವಿಷಯಕ್ಕೆ ಬರ್ತೀನಿ, ಅಸಲು ಪ್ರಶ್ನೆ ಅದೇ. ಹಡಗು ಎರಡು ಥರ ಆಡುತ್ತೆ. ಮೂತಿ-ಬಾಲ ಏರಿಳಿಯುವ ತೂಗಾಟ ಎರಡು ತುದಿಗಳಲ್ಲಿ ಜಾಸ್ತಿ. ಪಕ್ಕಕ್ಕೆ ವಾಲುವ ಓಲಾಟ ಮೇಲೆ ಹೋದಷ್ಟೂ ಜಾಸ್ತಿ. ಎರಡೂ ಕಡಿಮೆ ಇರೋದು ನಡುಭಾಗದ ಕೆಳಗಿನ ಡೆಕ್ಕುಗಳಲ್ಲಿ. ಕ್ವಾಂಟಮ್ ಕ್ಲಾಸಿನಲ್ಲಿ ಅಂದ್ರೆ 6ರಿಂದ 8, ಉದ್ದದ ಮಧ್ಯೆ.

ಪೆನಾಂಗ್, ಫುಕೆಟ್ ಕಡೆ ಹೋಗುವ ಟ್ರಿಪ್ ಆದರೆ ಮಲಾಕ್ಕಾ ಜಲಸಂಧಿ ಸಾಮಾನ್ಯವಾಗಿ ಶಾಂತ. ವಿಯೆಟ್ನಾಂ ಕಡೆಗಾದರೆ ದಕ್ಷಿಣ ಚೀನಾ ಸಮುದ್ರ. ನವೆಂಬರ್‌ನಿಂದ ಫೆಬ್ರವರಿವರೆಗೆ ಈಶಾನ್ಯ ಮಾನ್ಸೂನ್ ಇದ್ದಾಗ ಅಲೆ ಜೋರು. ಆ ತಿಂಗಳು, ಆ ದಾರಿ ಆದರೆ ಅಮ್ಮನ ರೂಮಿಗೆ ಗ್ಯಾರಂಟಿ ಬೇಡವೇ ಬೇಡ.

ನನ್ನ ಲೆಕ್ಕ ಇಷ್ಟು: ಐದೂ ಜನಕ್ಕೆ ಆರಿಸಿದರೆ 225 ಡಾಲರ್ ಹೆಚ್ಚು, ಅಪ್ಪ-ಅಮ್ಮನ ರೂಮಿಗೆ ಮಾತ್ರ ಆದರೆ 90. ಅವರದ್ದನ್ನು ಲಿಫ್ಟಿನಿಂದ ನಾಲ್ಕೈದು ಬಾಗಿಲು ಆಚೆ ಆರಿಸಿ (ತೀರ ಎದುರಿಗೇ ಬೇಡ, ಜನರ ಗದ್ದಲ), ನಿಮ್ಮದನ್ನು ಅದೃಷ್ಟಕ್ಕೆ ಬಿಡಿ.

ಡೆಕ್_ಪ್ಲಾನ್:
ಕುಡ್ಲದವರ ಲೆಕ್ಕ ಸರಿ, ಆದರೆ ಅರ್ಧ. ಆ ಹಡಗು ಸುಮಾರು 348 ಮೀಟರ್ ಉದ್ದ. ಒಂದು ರೂಮ್ ಮೂತಿಯ ಹತ್ತಿರ, ಇನ್ನೊಂದು ಬಾಲದ ಹತ್ತಿರ ಬಿದ್ದರೆ ಮಂಡಿನೋವಿನವರು ದಿನಕ್ಕೆ ಎಷ್ಟು ಸಲ ನಡೀತಾರೆ? ಮಗು ಅಜ್ಜಿ ರೂಮಿಗೆ ಓಡಾಡಬೇಕಲ್ವಾ? ಎರಡು ಬುಕಿಂಗ್ ಲಿಂಕ್ ಮಾಡಿಸಿದರೂ ಅದು ಊಟದ ಟೇಬಲ್ಲಿಗೆ ಅನುಕೂಲ. ರೂಮ್ ಅಕ್ಕಪಕ್ಕ ಬರುತ್ತೆ ಅಂತೇನಿಲ್ಲ.

ಮೈಸೂರು_ಪಾಕ:
ಮೂರು ಜನರ ರೂಮಲ್ಲಿ ಮಂಚ ಹೇಗಿರುತ್ತೆ? ನಂಬರ್ ಯಾವಾಗ ಕೊಡ್ತಾರೆ?

ಬಂದರು_ಭಟ್:
ಮೂರನೆಯದು ಸೋಫಾ ಬೆಡ್ ಆಗಿರಬಹುದು, ಇಲ್ಲ ಚಾವಣಿಯಿಂದ ಇಳಿಸುವ ಪುಲ್‌ಮನ್ ಬರ್ತ್. ಅದಕ್ಕೆ ಏಣಿ ಹತ್ತಬೇಕು, ನಮ್ಮ ರೈಲಿನ ಅಪ್ಪರ್ ಬರ್ತ್ ಥರ. 9 ವರ್ಷದವಳಿಗೆ ತೊಂದರೆ ಇಲ್ಲ. ಗ್ಯಾರಂಟಿಯಲ್ಲಿ ಮೂರು ಮಂಚದ ರೂಮ್ ಕೊಟ್ಟೇ ಕೊಡ್ತಾರೆ. ಯಾವ ಥರದ್ದು ಅನ್ನೋದು ನಿಮ್ಮ ಕೈಲಿಲ್ಲ. ಬುಕಿಂಗ್ ಮಾಡುವಾಗಲೇ ಮೂವರ ಹೆಸರೂ ಹಾಕಿ. ಲೈಫ್‌ಬೋಟಿನ ಲೆಕ್ಕ ಇರೋದರಿಂದ ರೂಮಲ್ಲಿ ಮಂಚ ಖಾಲಿ ಇದ್ದರೂ ಆ ರೂಮಿನವರ ಮಸ್ಟರ್ ಸ್ಟೇಷನ್ನಿನ (ತುರ್ತಿನಲ್ಲಿ ಎಲ್ಲರೂ ಸೇರಬೇಕಾದ ಜಾಗ) ಮಿತಿ ತುಂಬಿದ್ದರೆ ಆಮೇಲೆ ಒಬ್ಬರನ್ನು ಸೇರಿಸಲ್ಲ.

ನಂಬರ್ ಬುಕ್ ಮಾಡಿದ ಮರುದಿನವೇ ಬರಬಹುದು, ಹೊರಡುವ ಹಿಂದಿನ ದಿನವೂ ಬರಬಹುದು. ಪೂರ್ತಿ ಹಣ ಕಟ್ಟುವ ಗಡುವು ಮುಗಿದ ಮೇಲೆ ಆ್ಯಪ್‌ನಲ್ಲಿ ದಿನಾ ನೋಡ್ತಿರಿ. ಬಂದ ಕೂಡಲೇ ಡೆಕ್ ಪ್ಲಾನ್ (ಹಡಗಿನ ನಕ್ಷೆ) ತೆಗೆದು ಆ ನಂಬರಿನ ಮೇಲಿನ ಡೆಕ್, ಕೆಳಗಿನ ಡೆಕ್ ಎರಡರಲ್ಲೂ ಏನಿದೆ ನೋಡಿ. ಕನೆಕ್ಟಿಂಗ್ ಬಾಗಿಲು, ಸೋಫಾ ಬೆಡ್‌ಗೆ ಅದರಲ್ಲೇ ಚಿಹ್ನೆ ಇರುತ್ತೆ. ಇಷ್ಟವಾಗದಿದ್ದರೆ ಏಜೆಂಟ್ ಮೂಲಕ ಕೇಳಿಸಬಹುದು, ಆದರೆ ಗ್ಯಾರಂಟಿ ದರದಲ್ಲಿ ಬದಲಾಯಿಸಿಕೊಡೋ ಹೊಣೆ ಅವರಿಗಿಲ್ಲ.

ನಂಬರ್ ಬರದೆ ಲಗೇಜ್ ಟ್ಯಾಗ್‌ನಲ್ಲಿ ರೂಮ್ ನಂಬರ್ ಪ್ರಿಂಟ್ ಆಗಲ್ಲ. ಟರ್ಮಿನಲ್‌ನಲ್ಲಿ ಪೋರ್ಟರ್ ಕೈಲಿ ಬರೆಸಿ. ಸೂಟ್‌ಕೇಸು ರೂಮಿಗೆ ಬರೋದು ಸಂಜೆಯಾಗಬಹುದು, ಆದ್ದರಿಂದ ಅಪ್ಪನ ಮಾತ್ರೆ, ಅಮ್ಮನ ವಾಂತಿ ಮಾತ್ರೆ ಕೈಚೀಲದಲ್ಲೇ ಇರಲಿ. ಅವೋಮಿನ್ ಥರದ್ದು ಹಡಗು ಆಡೋಕೆ ಶುರುವಾಗುವ ಮೊದಲೇ ತಗೊಂಡರೆ ಕೆಲಸ ಮಾಡುತ್ತೆ. ಅಪ್ಪ-ಅಮ್ಮನ ಬೇರೆ ಔಷಧಿಗಳ ಜೊತೆ ಹೊಂದುತ್ತಾ ಅಂತ ಡಾಕ್ಟರ್ ಹತ್ತಿರ ಕೇಳಿ.

ನಿಮ್ಮ ಜಾಗದಲ್ಲಿದ್ದರೆ ಎರಡೂ ರೂಮನ್ನು 7ನೇ ಡೆಕ್ಕಿನ ನಡುವೆ ಅಕ್ಕಪಕ್ಕ ಆರಿಸಿ 225 ಕೊಟ್ಟುಬಿಡ್ತಿದ್ದೆ. ಆಮೇಲೆ ಏಜೆಂಟಿಗೆ ಒಂದು ಮಾತು: ಬುಕಿಂಗ್‌ನಲ್ಲಿ 'ಅಪ್‌ಗ್ರೇಡ್ ಬೇಡ' ಅಂತ ಹಾಕಿಸಿ. ಇಲ್ಲಾಂದ್ರೆ ಒಳ್ಳೇದು ಮಾಡ್ತೀವಿ ಅಂತ ನೀವು ಆರಿಸಿದ ರೂಮಿಂದ 13ನೇ ಡೆಕ್ಕಿಗೆ ಎತ್ತಿ ಹಾಕಿಬಿಡಬಹುದು.