ಪದಚರ್ಚೆ: ಪ್ರೋಲಾಗ್‌ನ ‘ಗ್ರೌಂಡ್’ ಎಂಬುದಕ್ಕೆ ಕನ್ನಡದಲ್ಲಿ ಏನು?

ಗೆಳೆಯರೇ, ಸ್ವಲ್ಪ ಅವಸರ ಇದೆ. ಲಾಜಿಕ್ ಪ್ರೋಗ್ರಾಮಿಂಗ್‌ನಲ್ಲಿ (ನಿಯಮಗಳನ್ನು ತರ್ಕದ ರೂಪದಲ್ಲಿ ಬರೆದರೆ ಗಣಕವೇ ಉತ್ತರ ಹುಡುಕುವ ವಿಧಾನ, ಪ್ರೋಲಾಗ್ ಅದರ ಒಂದು ಭಾಷೆ) ಸಂಶೋಧನೆ ಮಾಡುವ ಪ್ರಾಧ್ಯಾಪಕರೊಬ್ಬರ ಉಪನ್ಯಾಸ ಇದೆ. ಅದರ ಪರಿಚಯದ ಹಾಳೆ ನನ್ನ ಕೈಯಲ್ಲಿದೆ, ಸಂಜೆಯೇ ಅಚ್ಚಿಗೆ ಹೋಗಬೇಕು. ಅವರ ವಿಷಯ ‘ಗ್ರೌಂಡ್‌ನೆಸ್ ಅನಾಲಿಸಿಸ್’. ಇಲ್ಲಿ ‘ಪದ’ ಅಂದರೆ ಮಾತಲ್ಲ, ‘ಟರ್ಮ್’: ಪ್ರೋಗ್ರಾಮ್ ಬಳಸುವ ಒಂದು ಬೆಲೆ ಅಥವಾ ಬೆಲೆಗಳ ಕಟ್ಟು. ಬೆಲೆ ಸಿಗದ ವೇರಿಯಬಲ್ ಒಂದೂ ಉಳಿದಿಲ್ಲದ ಪದ ಗ್ರೌಂಡ್. [1, 2, 3] ಗ್ರೌಂಡ್, [1, ಎಕ್ಸ್, 3] ಅಲ್ಲ. ಓಡುವಾಗ ಯಾವುದು ಗ್ರೌಂಡ್ ಆಗಿರುತ್ತದೆ ಎಂದು, ಪ್ರೋಗ್ರಾಮನ್ನು ಓಡಿಸದೆಯೇ ಹೇಳಬೇಕು. ಹಳೆಯ ಕರಡಿನಲ್ಲಿ ‘ಭೂಪದ’ ಎಂದಿದೆ. ಅದನ್ನಂತೂ ಹಾಕಲಾರೆ. ‘ಸ್ಥಿರಪದ’ ಆದೀತೇ?

ಉತ್ತರ 1

ಆಗದು. ಸ್ಥಿರ ಅಂದರೆ ಕಾನ್‌ಸ್ಟಂಟ್. ನೀವೇ ಕೊಟ್ಟ [1, 2, 3] ಕಾನ್‌ಸ್ಟಂಟ್ ಅಲ್ಲ, ಹಲವು ಬಿಡಿಗಳನ್ನು ಸೇರಿಸಿ ಕಟ್ಟಿದ ಪದ. ಆದರೂ ಗ್ರೌಂಡ್.

‘ನೆಲೆಗೊಂಡ ಪದ’ ಎನ್ನಿ. ನೆಲೆ ಬಂದದ್ದು ‘ನಿಲ್’ ಧಾತುವಿನಿಂದ. ನೆಲಸು ಕೂಡ ಅಲ್ಲಿಂದಲೇ. ಅಲೆಯುವುದು ಮುಗಿದು ಒಂದು ಕಡೆ ನಿಂತದ್ದು ಎಂಬ ಅರ್ಥ ತಾನಾಗಿ ಬರುತ್ತದೆ. ಅಚ್ಚಗನ್ನಡದ ಮಾತು ಕೈಗೆ ಸಿಗುವಾಗ ಸಂಸ್ಕೃತಕ್ಕೆ ಯಾಕೆ ಹೋಗಬೇಕು?

ಉತ್ತರ 2

> ಅಲೆಯುವುದು ಮುಗಿದು ಒಂದು ಕಡೆ ನಿಂತದ್ದು

ವ್ಯುತ್ಪತ್ತಿ ಚೆನ್ನಾಗಿದೆ, ವಿಷಯ ತಪ್ಪು. ಪ್ರೋಲಾಗ್‌ನ ವೇರಿಯಬಲ್ ಅಲೆಯುವುದೇ ಇಲ್ಲ. ಒಮ್ಮೆ ಬೆಲೆ ಸಿಕ್ಕಿದರೆ, ಉತ್ತರ ಹುಡುಕುವ ಆ ದಾರಿ ಸೋತು ಹಿಂದಕ್ಕೆ ಬರುವವರೆಗೂ ಅದೇ ಬೆಲೆ. ಅದಕ್ಕೆ ‘ಚರ’ ಎನ್ನುವುದೇ ಸರಿ ಇಲ್ಲ. ಅದು ಶಾಲೆಯ ಪ್ರಶ್ನೆಪತ್ರಿಕೆಯ ‘ಬಿಟ್ಟ ಸ್ಥಳ’ ಇದ್ದ ಹಾಗೆ. ಬಿಟ್ಟ ಸ್ಥಳ ಒಂದೂ ಇಲ್ಲದ್ದು ‘ಭರ್ತಿ ಪದ’. ಎಷ್ಟು ಸಲೀಸು ಅಲ್ವಾ?

ತುಂಬಿದೆಯೋ ಇಲ್ಲವೋ ಎಂಬುದು ಸಣ್ಣ ಮಾತಲ್ಲ. ಪ್ರೋಲಾಗ್ ಒಂದು ಹೇಳಿಕೆಯನ್ನು ‘ಅಲ್ಲ’ ಎನ್ನುವುದು ಅದನ್ನು ಸಾಧಿಸಲು ಆಗದಿದ್ದಾಗ. 1978ರಲ್ಲಿ ಗಣಕ ವಿಜ್ಞಾನಿ ಕೀತ್ ಕ್ಲಾರ್ಕ್ ಇದಕ್ಕೆ ತರ್ಕದ ಬುನಾದಿ ಕೊಟ್ಟರು. ‘ಅಲ್ಲ’ದ ಒಳಗೆ ಜಾಗ ಖಾಲಿ ಉಳಿದಿದ್ದರೆ ಉತ್ತರವೇ ತಪ್ಪಬಹುದು. ಅದಕ್ಕೇ ಈ ವಿಶ್ಲೇಷಣೆ ಬೇಕು. ಅದು ಕೊಡುವ ಉತ್ತರ ಎರಡೇ: ‘ಖಂಡಿತ ತುಂಬಿರುತ್ತದೆ’ ಅಥವಾ ‘ಹೇಳಲಾಗದು’. ಸುಮ್ನೆ ಊಹಿಸಿ ‘ತುಂಬಿದೆ’ ಎನ್ನುವ ಹಾಗಿಲ್ಲ.

ಉತ್ತರ 1

ಭರ್ತಿ ನಮ್ಮದಲ್ಲ. ‘ತುಂಬು’ ಇರುವಾಗ ಅದು ಬೇಡವೇ ಬೇಡ.

ಉತ್ತರ 2

‘ಪದ’ ಎಲ್ಲಿಂದ ಬಂತು ಸ್ವಾಮಿ? ಅದನ್ನು ಬಿಟ್ಟುಬಿಡುತ್ತೀರಾ? 1972ರ ಸುಮಾರಿಗೆ ಫ್ರಾನ್ಸಿನ ಮಾರ್ಸೇಯಲ್ಲಿ ಪ್ರೋಲಾಗ್ ಭಾಷೆ ಹುಟ್ಟಿದಾಗ ಅದಕ್ಕೆ ಇಟ್ಟ ಹೆಸರು ಫ್ರೆಂಚಿನದು. ‘ಪ್ರೋಗ್ರಾಮಾಸ್ಯೋಂ ಆಂ ಲೋಜಿಕ್’ ಎಂಬುದರ ಮೊಟಕು. ಇಂಗ್ಲಿಷಿನವರು ಹಾಗೇ ತೆಗೆದುಕೊಂಡರು. ಎರವಲು ತಂದರೆ ಮನೆ ಮುಳುಗುವುದಿಲ್ಲ.

ಉತ್ತರ 3

ಜಗಳ ಆಮೇಲೆ ಆಡಿ, ಇವರಿಗೆ ಸಂಜೆಗೆ ಬೇಕು. ‘ತುಂಬಿದ ಪದ’ ಸಾಕು. ತುಂಬಿದ ಕೊಡ ಎಂದರೆ ಯಾರಿಗೂ ಗೊಂದಲ ಆಗುವುದಿಲ್ಲ. ದಯವಿಟ್ಟು ‘ತುಂಬಲ್ಪಟ್ಟ’ ಮಾಡಬೇಡಿ. ಕನ್ನಡದ ಕೃದಂತಕ್ಕೆ ಆ ಬಾಲ ಬೇಕಿಲ್ಲ. ‘ತುಂಬಿಕೆ’ಯೂ ಬೇಡ, ಅದು ತುಂಬುವ ಕೆಲಸದ ಹೆಸರು. ಇಲ್ಲಿ ಬೇಕಾದದ್ದು ತುಂಬಿರುವ ಸ್ಥಿತಿ.

ಕೇಳಿದವರು

ಎಲ್ಲರಿಗೂ ಧನ್ಯವಾದ. ಬಿಟ್ಟ ಸ್ಥಳದ ಹೋಲಿಕೆಯಿಂದ ನನಗೇ ವಿಷಯ ಇನ್ನೂ ಚೆನ್ನಾಗಿ ತಿಳಿಯಿತು. ಹೀಗೆ ಬರೆದಿದ್ದೇನೆ: ‘ಪ್ರೋಗ್ರಾಮನ್ನು ಓಡಿಸುವ ಮೊದಲೇ, ಯಾವ ಪದಗಳಲ್ಲಿ ಬಿಟ್ಟ ಸ್ಥಳ ಒಂದೂ ಉಳಿಯುವುದಿಲ್ಲ ಎಂದು ತಿಳಿಯುವ ತುಂಬಿದ ಪದಗಳ ವಿಶ್ಲೇಷಣೆ.’ ಅಚ್ಚಿಗೆ ಕಳಿಸುತ್ತಿದ್ದೇನೆ.

ಉತ್ತರ 1

‘ತುಂಬಿದ’ ಒಪ್ಪಿದೆ. ‘ವಿಶ್ಲೇಷಣೆ’ ಯಾಕೆ ಉಳಿಸಿದಿರಿ? ಒರೆಗಲ್ಲಿಗೆ ಹಚ್ಚಿ ನೋಡುವುದಕ್ಕೆ ‘ಒರೆ’ ಎಂಬ ಮಾತಿದೆ. ಬೇರೆ ಎಳೆ ತೆರೆಯುತ್ತೇನೆ.