‘ಗೆನಾಂಟ್’ಗೆ ಕನ್ನಡದಲ್ಲಿ ಏನನ್ನೋಣ? ವಂಶವೃಕ್ಷಕ್ಕೆ, ಶನಿವಾರದೊಳಗೆ ಬೇಕು

ಎಲ್ಲರಿಗೂ ನಮಸ್ಕಾರ.

ಒಂದು ಪದ ತುರ್ತಾಗಿ ಬೇಕಾಗಿದೆ. ನನ್ನ ಗಂಡನ ಹಿರಿಯರು ಜರ್ಮನಿಯ ವೆಸ್ಟ್‌ಫಾಲಿಯಾದವರು, ಮ್ಯೂನ್‌ಸ್ಟರ್ ಸುತ್ತಲಿನ ಒಕ್ಕಲುತನದ ಮನೆಗಳವರು. ಅವರ ವಂಶವೃಕ್ಷವನ್ನು ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿಸುತ್ತಿದ್ದೇವೆ. ನಮ್ಮ ಅಪ್ಪ ಅಮ್ಮನೂ ಓದಬೇಕಲ್ವಾ, ಅದಕ್ಕೆ ಕನ್ನಡದಲ್ಲೂ ಬರೆಯುತ್ತಿದ್ದೇನೆ.

ಮಿಕ್ಕಿದ್ದು ಹೇಗೋ ಆಯ್ತು. ಹೆಂಗಸರ ಹೆಸರಿನ ಜೊತೆ ಬರುವ ‘ಗೆಬೋರೆನೆ’ಗೆ ‘ತವರು ಮನೆತನ’ ಎಂದು ಹಾಕಿದೆ. ತೊಡಕಾಗಿರುವುದು ‘ಗೆನಾಂಟ್’, ಅಂದರೆ ‘ಹೀಗೆಂದು ಕರೆಯುವ’ ಎಂದರ್ಥ. ಚರ್ಚಿನ ದಾಖಲೆ ಪುಸ್ತಕದಲ್ಲಿ ಪಾದ್ರಿಗಳು ಅದನ್ನು ಎರಡು ಮೂರು ಅಕ್ಷರಕ್ಕೆ ಮೊಟಕು ಮಾಡಿ ಎರಡು ಹೆಸರುಗಳ ನಡುವೆ ತುರುಕಿರುತ್ತಾರೆ: ‘ಮೈಯರ್ ಗೆನಾಂಟ್ ಶುಲ್ಟೆ’. ಹಳೆಯ ಕುರ್ರೆಂಟ್ ಕೈಬರಹದಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ. ಆ ಸೀಮೆಯಲ್ಲಿ ಹೆಸರು ಜಮೀನಿಗೂ ಮನೆಗೂ ಅಂಟಿಕೊಂಡಿತ್ತು. ಒಂದು ಮನೆಯ ಹಕ್ಕುದಾರಳನ್ನು ಮದುವೆಯಾಗಿ ಮನೆ ಅಳಿಯನಾಗಿ ಬಂದವನು ಆ ಮನೆಯ ಹೆಸರನ್ನೇ ಇಟ್ಟುಕೊಳ್ಳುತ್ತಿದ್ದ. ಮಕ್ಕಳಿಗೂ ಎಷ್ಟೋ ಸಲ ಅದೇ ಹೆಸರು. ಅಣ್ಣ ತಮ್ಮ ಬೇರೆ ಬೇರೆ ಮನೆ ಸೇರಿದರೆ ಅವರ ಹೆಸರೂ ಬೇರೆ ಬೇರೆ.

‘ಅಲಿಯಾಸ್’ ಹಾಕಲು ಮನಸ್ಸಿಲ್ಲ, ಪೊಲೀಸ್ ದೂರಿನ ಹಾಗೆ ಕೇಳಿಸುತ್ತದೆ. ‘ಅಡ್ಡಹೆಸರು’ ಆಗಬಹುದಾ?
(ಮ್ಯೂನ್‌ಸ್ಟರ್‌ನಿಂದ)

*

ಅಡ್ಡಹೆಸರು ಬೇಡ್ರಿ. ನಮ್ಮ ಕಡೆ ಅಡ್ಡಹೆಸರು ಅಂದರೆ ಮನೆತನದ ಹೆಸರೇ. ದಕ್ಷಿಣದವರಿಗೆ ಅದು ಗೆಳೆಯರು ಇಟ್ಟ ಹೆಸರು. ಒಂದೇ ಹಾಳೆಯನ್ನು ಇಬ್ಬರು ಎರಡು ರೀತಿ ಓದುತ್ತಾರೆ. ಸುಮ್ನೆ ‘ಉರ್ಫ್’ ಹಾಕಿರಿ. ಹೊಲದ ಕಾಗದಪತ್ರದಲ್ಲಿ ಎಲ್ಲರೂ ಕಂಡ ಪದ.
(ಧಾರವಾಡದಿಂದ)

*

‘ಉರ್ಫ್’ ಅರಬ್ಬಿ ಪದ. ಕನ್ನಡದಲ್ಲಿ ಇಲ್ಲವೇ? ‘ಎಂಬ’ ಇದೆ. ಇನ್ನೂ ಚೆನ್ನಾಗಿರುವುದು ‘ಯಾನೆ’. ಇದು ‘ಎನ್’ ಧಾತುವಿನ ‘ಎನೆ’ಯಿಂದ ಬಂದದ್ದು. ಹಳಗನ್ನಡ ಓದಿದವರಿಗೆ ‘ಎನೆ’ ಹೊಸದಲ್ಲ. ಅದೇ ಎಳೆದು ಎಳೆದು ‘ಯಾನೆ’ ಆಗಿದೆ. ನಮ್ಮದೇ ಪದ ಇರುವಾಗ ಬೇರೆಯವರ ಮನೆ ಬಾಗಿಲಿಗೆ ಹೋಗುವುದು ಏಕೆ?
(ಮೈಸೂರಿನಿಂದ)

*

‘ಎನೆ’ಗೂ ‘ಯಾನೆ’ಗೂ ಯಾವ ನಂಟೂ ಇಲ್ಲ. ‘ಯಾನೆ’ಯೂ ಅರಬ್ಬಿಯದ್ದೇ, ಹಿಂದಿ ಉರ್ದುವಿನವರು ಆಡುವ ‘ಯಾನಿ’. ಆಡಳಿತದ ಬರಹದ ಜೊತೆ ನಮ್ಮ ದಸ್ತಾವೇಜಿಗೆ ಬಂದು ಕೂತಿದೆ. ಎರಡು ಪದ ಕಿವಿಗೆ ಒಂದೇ ಥರ ಕೇಳಿದರೆ ವ್ಯುತ್ಪತ್ತಿ ಆಗುವುದಿಲ್ಲ.

‘ಎಂಬ’ ಇಲ್ಲಿ ಕೆಲಸ ಮಾಡುವುದಿಲ್ಲ. ‘ಮೈಯರ್ ಎಂಬ ಶುಲ್ಟೆ’ ಎಂದು ಬರೆದರೆ ಶುಲ್ಟೆಯನ್ನು ಮೈಯರ್ ಅಂತ ಕರೆದ ಹಾಗಾಯಿತು. ಪೂರ್ತಿ ತಲೆಕೆಳಗು. ಸರಿ ಮಾಡಬೇಕಾದರೆ ‘ಶುಲ್ಟೆ ಎಂಬ ಮೈಯರ್’ ಎನ್ನಬೇಕು. ಆಗ ಪುಸ್ತಕದಲ್ಲಿರುವ ಕ್ರಮ ಹೋಯಿತು. ವಂಶ ಹುಡುಕುವವರಿಗೆ ಆ ಕ್ರಮ ಬಹಳ ಮುಖ್ಯ. ಸಾಮಾನ್ಯವಾಗಿ ಮೊದಲು ಹುಟ್ಟಿನ ಹೆಸರು, ಆಮೇಲೆ ಸೇರಿದ ಮನೆಯ ಹೆಸರು. ಕೆಲವು ಪಾದ್ರಿಗಳು ಇದನ್ನೇ ತಿರುವಿಯೂ ಬರೆದಿದ್ದಾರೆ. ಹಾಗಾಗಿ ಅವರು ಬರೆದದ್ದನ್ನು ಇದ್ದ ಹಾಗೇ ಉಳಿಸಿಕೊಳ್ಳಬೇಕು. ‘ಯಾನೆ’ ಎರಡು ಹೆಸರಿನ ನಡುವೆ ನಿಲ್ಲುತ್ತದೆ, ಯಾವುದನ್ನೂ ಕದಲಿಸುವುದಿಲ್ಲ. ಅದಕ್ಕೇ ಅದು ಸರಿ, ಕನ್ನಡದ್ದು ಅಂತಲ್ಲ.

ತುಳುನಾಡಿನ ಕೆಲವು ಗುತ್ತುಗಳಲ್ಲಿ, ಅಂದರೆ ಹಿರಿಯ ಮನೆತನಗಳಲ್ಲಿ, ಗಡಿ ಹಿಡಿದು ಯಜಮಾನರಾದವರಿಗೆ ಆ ಮನೆಯ ಪಟ್ಟದ ಹೆಸರು ಬರುತ್ತದೆ. ಅದನ್ನು ಯಾರೂ ಅಡ್ಡಹೆಸರು ಎನ್ನುವುದಿಲ್ಲ. ವೆಸ್ಟ್‌ಫಾಲಿಯಾದ್ದೂ ಹಾಗೇ, ಮನೆ ಕೊಟ್ಟ ಹೆಸರು.
(ಪುತ್ತೂರಿನಿಂದ)

*

ಪುತ್ತೂರಿನವರ ಮಾತು ಒರಟು. ಇರಲಿ. ಆದರೆ ಪ್ರತಿ ಸಲವೂ ‘ಬಳಕೆಯಲ್ಲಿದೆ, ನಡೆಯುತ್ತೆ’ ಎಂದರೆ ಕನ್ನಡದಲ್ಲಿ ಪದ ಕಟ್ಟುವವರು ಯಾರು? ‘ಮನೆವೆಸರು’ ಎಂದು ಹೊಸದಾಗಿ ಮಾಡಿ. ಒಂದು ತಲೆಮಾರು ಬಳಸಿದರೆ ಅದೂ ಬಳಕೆಗೆ ಬರುತ್ತದೆ.
(ಮೈಸೂರಿನಿಂದ)

*

ಶನಿವಾರ ಅಚ್ಚಿಗೆ ಹೋಗುವ ಹಾಳೆಗೆ ಒಂದು ತಲೆಮಾರು ಕಾಯಲಿಕ್ಕೆ ಆಗುತ್ತದೇನ್ರಿ? ವಕೀಲ, ದಾಖಲೆ, ತಾಲ್ಲೂಕು ಇವೆಲ್ಲ ಹೊರಗಿನವೇ. ಇವನ್ನು ಬಿಟ್ಟು ಒಂದು ದಿನ ಕಚೇರಿ ಕೆಲಸ ಮಾಡಿ ತೋರಿಸಿರಿ.

ಕಿಟೆಲ್ ಅವರ 1894ರ ನಿಘಂಟನ್ನೇ ನೋಡಿರಿ. ಹೊರಗಿನ ಪದವನ್ನು ಅವರು ಓಡಿಸಲಿಲ್ಲ. ಸೇರಿಸಿಕೊಂಡರು, ಹಿಂದೂಸ್ತಾನಿ, ಮರಾಠಿ ಎಂದು ಪಕ್ಕದಲ್ಲಿ ಗುರುತು ಹಾಕಿದರು. ಪ್ರಾಮಾಣಿಕ ಕೆಲಸ ಅಂದರೆ ಅದು. ಅವರು ಹುಟ್ಟಿದ್ದು ಜರ್ಮನಿಯ ವಾಯವ್ಯ ಮೂಲೆಯ ಓಸ್ಟ್‌ಫ್ರೀಸ್‌ಲ್ಯಾಂಡಿನಲ್ಲಿ. ಅಲ್ಲಿಯ ಹೆಸರಿನ ಪದ್ಧತಿ ಮತ್ತೂ ಬೇರೆ. ಅಪ್ಪನ ಹೆಸರೇ ಮಗನ ಕೊನೆಯ ಹೆಸರು, ತಲೆಮಾರಿಗೊಮ್ಮೆ ಬದಲು. 1811ರಲ್ಲಿ ನೆಪೋಲಿಯನ್ ಆಳ್ವಿಕೆ ‘ಎಲ್ಲರೂ ಕಾಯಂ ಮನೆತನದ ಹೆಸರು ಇಟ್ಟುಕೊಳ್ಳಿ’ ಎಂದು ಆಜ್ಞೆ ಮಾಡಿತು. ಜನ ಅಷ್ಟು ಬೇಗ ಬಿಡಲಿಲ್ಲ. ಅಲ್ಲಿಯ ಹಿರಿಯರನ್ನು ಹುಡುಕುವವರು ಮ್ಯೂನ್‌ಸ್ಟರ್‌ನ ಲೆಕ್ಕ ಹಾಕಿ ಹೋದರೆ ದಾರಿ ತಪ್ಪುತ್ತಾರೆ.
(ಧಾರವಾಡದಿಂದ)

*

ಕಿಟೆಲ್ ಅವರ ಬಗ್ಗೆ ನನಗೂ ಗೌರವವಿದೆ. ಅವರು ನಿಘಂಟು ಬರೆದರು, ಪದನೀತಿಯನ್ನಲ್ಲ.
(ಮೈಸೂರಿನಿಂದ)

*

ಎರವಲಿನ ಜಗಳ ಬೇರೆ ಓಲೆಯಲ್ಲಿ ಮುಂದುವರಿಸೋಣ. ಮ್ಯೂನ್‌ಸ್ಟರ್‌ನ ಅಕ್ಕನಿಗೆ ಇನ್ನೊಂದು ಮಾತು. ನಿಮ್ಮ ವೆಸ್ಟ್‌ಫಾಲಿಯಾ ಆಗ ಸೇರಿದ್ದ ಪ್ರಷ್ಯಾ ರಾಜ್ಯದಲ್ಲಿ ಸರ್ಕಾರಿ ನೋಂದಣಿ ಕಚೇರಿಗಳು ಶುರುವಾದದ್ದು 1874ರ ಅಕ್ಟೋಬರ್‌ನಲ್ಲಿ. ಅದಕ್ಕೂ ಹಿಂದಿನದಕ್ಕೆ ಹೆಚ್ಚಾಗಿ ಚರ್ಚಿನ ಪುಸ್ತಕವೇ ಗತಿ. 1822ರಲ್ಲಿ ಪ್ರಷ್ಯಾದ ದೊರೆ, ಅಪ್ಪಣೆಯಿಲ್ಲದೆ ಮನೆತನದ ಹೆಸರು ಬದಲಿಸಬಾರದು ಎಂದು ಆಜ್ಞೆ ಹೊರಡಿಸಿದ. ಅಲ್ಲಿಂದ ಮುಂದೆ ‘ಗೆನಾಂಟ್’ ಜೋಡಿ ಎಷ್ಟೋ ಮನೆಗಳಲ್ಲಿ ಹಾಗೇ ಗಟ್ಟಿಯಾಗಿ ಮಕ್ಕಳಿಗೂ ಇಳಿಯಿತು. ಅಂಥ ಕಡೆ ಮೊದಲ ಹೆಸರನ್ನು ‘ಹುಟ್ಟಿನ ಹೆಸರು’ ಎಂದು ಬಿಡಿಸಿ ಬರೆಯಬೇಡಿ. ಹುಟ್ಟಿದ ಮಗುವಿಗೇ ಎರಡೂ ಬಂದಿರುತ್ತವೆ.

ಒಂದು ಕೊಂಡಿ ಸಿಗದಿದ್ದರೆ ಎರಡೂ ಹೆಸರಿನಲ್ಲಿ ಹುಡುಕಿ. ಮದುವೆ ಗಂಡಿನ ಹುಟ್ಟಿನ ಹೆಸರಿನಲ್ಲಿ, ಮಗುವಿನ ಜ್ಞಾನಸ್ನಾನ ಮನೆಯ ಹೆಸರೊಂದರಲ್ಲೇ ಇರಬಹುದು. ಮ್ಯೂನ್‌ಸ್ಟರ್ ಧರ್ಮಪ್ರಾಂತ್ಯದ ಹಳೆಯ ಪುಸ್ತಕಗಳ ಚಿತ್ರಗಳು ‘ಮಾಟ್ರಿಕುಲಾ’ ಜಾಲತಾಣದಲ್ಲಿ ದುಡ್ಡಿಲ್ಲದೆ ಸಿಗುತ್ತವೆ. ಲ್ಯಾಟಿನ್‌ನಲ್ಲಿ ಬರೆದ ಪುಟವಾದರೆ ‘ಗೆನಾಂಟ್’ ಜಾಗದಲ್ಲಿ ‘ವುಲ್ಗೊ’, ‘ಡಿಕ್ಟುಸ್’ ಎಂದಿರುತ್ತದೆ. ಅದಕ್ಕೂ ‘ಯಾನೆ’ಯೇ ಹಾಕಿ.
(ಪುತ್ತೂರಿನಿಂದ)

*

ಎಲ್ಲರಿಗೂ ವಂದನೆ. ‘ಯಾನೆ’ ಹಾಕುತ್ತಿದ್ದೇನೆ, ಪುಸ್ತಕದಲ್ಲಿರುವ ಕ್ರಮದಲ್ಲೇ. ಹಾಳೆಯ ಕೆಳಗೆ ಒಂದು ಸಾಲು ವಿವರಣೆ ಇರುತ್ತದೆ: ‘ಯಾನೆಯ ನಂತರದ್ದು ಸಾಮಾನ್ಯವಾಗಿ ಸೇರಿದ ಒಕ್ಕಲುಮನೆಯ ಹೆಸರು.’ ಮೈಸೂರಿನವರ ‘ಮನೆವೆಸರು’ ನನಗೆ ಇಷ್ಟವಾಯಿತು. ಪ್ರತಿ ಒಕ್ಕಲುಮನೆಗೂ ಹಾಳೆಯಲ್ಲಿ ಒಂದೊಂದು ಬಣ್ಣ ಕೊಟ್ಟಿದ್ದೇವೆ, ಆ ಬಣ್ಣಗಳ ಪಟ್ಟಿಗೆ ಅದನ್ನೇ ತಲೆಬರಹ ಮಾಡುತ್ತೇನೆ.
(ಮ್ಯೂನ್‌ಸ್ಟರ್‌ನಿಂದ)